ಬ್ಯಾಂಡ್‌ಸಾ ಟೇಬಲ್ 90ಕ್ಕೇ ಇದೆ, ಆದ್ರೂ ಕೊಯ್ತ ಯಾಕೆ ಓರೆ?

ಓದುಗರ ಪ್ರಶ್ನೆ: "ಸರ್, ನನ್ನ ಹತ್ರ 14 ಇಂಚಿನ ಬ್ಯಾಂಡ್‌ಸಾ (ಎರಡು ವೀಲಿನ ಮೇಲೆ ಸುತ್ತೋ ಪಟ್ಟಿ ಬ್ಲೇಡಿನ ಗರಗಸ) ಇದೆ. ಮೆಷಿನ್ ಜೊತೆ ಬಂದ ಕಾಲು ಇಂಚಿನ 10 ಟಿಪಿಐ (ಇಂಚಿಗೆ 10 ಹಲ್ಲಿನ) ಬ್ಲೇಡೇ ಇನ್ನೂ ಓಡ್ತಾ ಇದೆ. 20 ಎಂಎಂ ಹಲಗೆ ಕೊಯ್ದ್ರೆ ಸರಿಯಾಗೇ ಬರುತ್ತೆ. 100 ಎಂಎಂ ಎತ್ತರದ ಬ್ಲಾಕ್ ಕೊಯ್ದ್ರೆ ಮಾತ್ರ ಮೇಲಿಂದ ಕೆಳಗೆ ಹೆಚ್ಚುಕಮ್ಮಿ ಒಂದೂವರೆ ಎಂಎಂ ಓರೆ. ಟೇಬಲ್ ಕೆಳಗಿರೋ ಮುಳ್ಳು ಸೊನ್ನೆ ಮೇಲೇ ನಿಂತಿದೆ, ಮೂಲೆಮಟ್ಟ ಇಟ್ರೂ ಸರಿ ಕಾಣುತ್ತೆ, ಡಿಜಿಟಲ್ ಆಂಗಲ್ ಗೇಜೂ 90 ಅಂತಾನೇ ತೋರಿಸ್ತು. ಒಂದ್ಸಲ ಟೇಬಲ್ಲನ್ನ 45ಕ್ಕೆ ವಾಲಿಸಿ ವಾಪಸ್ ತಂದ್ಮೇಲೆ ಇನ್ನೂ ಹಾಳಾಯ್ತು. ಮೈಟರ್ ಗೇಜ್ (ಟೇಬಲ್ ಸ್ಲಾಟಲ್ಲಿ ಜಾರ್ತಾ ಮರವನ್ನ ಕೋನಕ್ಕೆ ಹಿಡಿಯೋ ಸಾಧನ) ಹಿಡಿದು ಅಡ್ಡ ಕೊಯ್ದ್ರೂ ಪೂರ್ತಿ 90 ಬರ್ತಿಲ್ಲ. ಒಬ್ರು ಬ್ಯಾಂಡ್‌ಸಾ ಇರೋದೇ ಬಾಗು ಕೊಯ್ಯೋಕೆ, ಅದ್ರಲ್ಲಿ ಸ್ಕ್ವೇರ್ ಕೇಳ್ಬೇಡ ಅಂತಾರೆ. ಇನ್ನೊಬ್ರು ಬ್ಲೇಡ್ ಇನ್ನೂ ಬಿಗಿ ಮಾಡು ಅಂತಾರೆ. ಯಾವುದನ್ನ ನಂಬ್ಲಿ?"

ಉತ್ತರ:

ನಿಮ್ಮ ಪ್ರಶ್ನೆಲಿ ಎರಡು ಬೇರೆ ಬೇರೆ ತೊಂದರೆ ಸೇರ್ಕೊಂಡಿವೆ, ಮೊದಲು ಅದನ್ನ ಬಿಡಿಸ್ಕೊಳ್ಳೋಣ. ಬ್ಲಾಕ್ ಮೇಲಿಂದ ಕೆಳಕ್ಕೆ ಓರೆ ಬರೋದು ಬ್ಲೇಡಿಗೂ ಟೇಬಲ್ಲಿಗೂ ಇರೋ ಕೋನದ ವಿಷಯ. ಮೈಟರ್ ಗೇಜ್ ಇಟ್ಟಾಗ ಅಡ್ಡ ಕೊಯ್ತ 90 ಬರದೇ ಇರೋದು ಟೇಬಲ್ ಮೇಲಿನ ಸ್ಲಾಟು, ಗೇಜು, ಬ್ಲೇಡು ಯಾವ ಕಡೆ ಎಳೀತಾ ಇದೆ ಅನ್ನೋದರ ವಿಷಯ. ಒಂದನ್ನ ತಿದ್ದಿದ್ರೆ ಇನ್ನೊಂದು ತಾನಾಗೇ ಸರಿಹೋಗಲ್ಲ. ಸುಮಾರು ಜನ ಎರಡನ್ನೂ ಒಂದೇ ಬೋಲ್ಟ್ ತಿರುಗಿಸಿ ಸರಿ ಮಾಡೋಕೆ ಹೋಗಿ ದಿನಗಟ್ಟಲೆ ಒದ್ದಾಡ್ತಾರೆ.

ಇನ್ನೊಂದು ಮಾತು, 20 ಎಂಎಂ ಹಲಗೆಲಿ ಸರಿ ಬರುತ್ತೆ ಅಂದ್ರಲ್ಲ, ಅದು ಸರಿ ಬರ್ತಾ ಇಲ್ಲ, ಸರಿ ಕಾಣ್ತಾ ಇದೆ ಅಷ್ಟೇ. 100 ಎಂಎಂಗೆ ಒಂದೂವರೆ ಎಂಎಂ ಅಂದ್ರೆ ಹತ್ತತ್ರ 0.86 ಡಿಗ್ರಿ ಓರೆ. ಅದೇ ಓರೆ 20 ಎಂಎಂ ಹಲಗೆಲಿ ಬರೀ 0.3 ಎಂಎಂ ಆಗುತ್ತೆ, ಹಲ್ಲಿನ ಗೀರು ಬಿದ್ದಿರೋ ಒರಟು ಮುಖದಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ. ಹಾಗಾಗಿ ತೆಳು ಹಲಗೆ ಚೆನ್ನಾಗಿ ಬಂತು ಅಂತ ಟೇಬಲ್ ಸರಿ ಇದೆ ಅಂದ್ಕೋಬೇಡಿ, ಚೆಕ್ ಮಾಡೋದಾದ್ರೆ ಯಾವಾಗ್ಲೂ ಎತ್ತರದ ತುಂಡಲ್ಲೇ ಮಾಡಿ.

ಮುಳ್ಳು ಸೊನ್ನೆ ಮೇಲಿದೆ ಅನ್ನೋದನ್ನ ಮರೆತುಬಿಡಿ. ಆ ಸ್ಕೇಲು ಚಿಕ್ಕದು, ಮುಳ್ಳಿನ ಸ್ಕ್ರೂ ಸಡಿಲ ಆದ್ರೆ ಅದು ಎಲ್ಲಿ ಬೇಕಾದ್ರೂ ತೋರ್ಸುತ್ತೆ. ಡಿಜಿಟಲ್ ಗೇಜಿನ ವಿಷಯನೂ ಅಷ್ಟು ಸುಲಭ ಅಲ್ಲ, ಸಾಮಾನ್ಯವಾಗಿ ಸಿಗೋ ಗೇಜುಗಳು 0.1ರಿಂದ 0.2 ಡಿಗ್ರಿ ಆಚೀಚೆ ತೋರ್ಸೋದು ಮಾಮೂಲು, 0.2 ಅಂದ್ರೆ 100 ಎಂಎಂ ಎತ್ತರಕ್ಕೆ 0.35 ಎಂಎಂ ಆಯ್ತು. ಅದರ ಮೇಲೆ ನಿಮ್ಮದು ಕಾಲು ಇಂಚಿನ ಬ್ಲೇಡು, ಗೇಜಿನ ಮ್ಯಾಗ್ನೆಟ್ಟು ಅಂಟ್ಕೊಂಡ ಕೂಡ್ಲೇ ಆ ಭಾರಕ್ಕೇ ಬ್ಲೇಡ್ ಸ್ವಲ್ಪ ತಿರುಚ್ಕೊಳ್ಳುತ್ತೆ, ಗೇಜು ನೆಟ್ಟಗೆ ಕೂರೋಕೆ ಅಗಲನೂ ಸಾಲಲ್ಲ. ಟೇಬಲ್ ಮೇಲೆ ಇಟ್ಟು ಸೊನ್ನೆ ಮಾಡ್ಕೊಳ್ದೇ ನೇರ ಬ್ಲೇಡಿಗೆ ಅಂಟಿಸಿದ್ರಂತೂ ಅದು ಹೇಳೋದಕ್ಕೆ ಅರ್ಥನೇ ಇಲ್ಲ.

ಈಗ ಒಂದು ಸಣ್ಣ ಕೆಲಸ ಮಾಡಿ. ಓರೆ ಬಂದಿರೋ ಆ ಬ್ಲಾಕಿನ ಕೊಯ್ದ ಮುಖಕ್ಕೆ ಮೇಲಿಂದ ಕೆಳಕ್ಕೆ ಸ್ಟೀಲ್ ಸ್ಕೇಲ್ ಅಂಚನ್ನ ಇಟ್ಟು ಬೆಳಕಿಗೆ ಹಿಡೀರಿ. ಮುಖ ನೇರವಾಗಿದ್ದು ಒಂದು ಕಡೆ ವಾಲಿದ್ರೆ ಟೇಬಲ್ಲು ಮತ್ತೆ ಬ್ಲೇಡಿನ ಕೋನ ತಪ್ಪಿದೆ ಅಂತ. ಮುಖ ಮಧ್ಯದಲ್ಲಿ ಉಬ್ಬಿದ್ರೆ ಅಥವಾ ತಗ್ಗಿದ್ರೆ ಬ್ಲೇಡ್ ಮರದೊಳಗೆ ಬಿಲ್ಲಿನ ಥರ ಬಾಗ್ತಾ ಇದೆ, ಅದಕ್ಕೆ ಟೇಬಲ್ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ. ಶುರುಲಿ ಒಂಥರಾ ಓರೆ, ಕೊನೇಲಿ ಇನ್ನೊಂಥರಾ ಓರೆ ಅಂತ ಮುಖ ತಿರುಚಿದ್ರೆ, ಮರದ ಕೆಳಗಿನ ಮುಖ ಸಮ ಇಲ್ಲದೆ ಟೇಬಲ್ ಮೇಲೆ ಅಲ್ಲಾಡ್ತಾ ಹೋಗಿದೆ ಅಂತಾನೂ ಆಗಿರಬಹುದು. ಈ ಮೂರೂ ಒಟ್ಟಿಗೆ ಇರೋದೂ ಉಂಟು, ಆದ್ರೆ ಯಾವುದು ಜಾಸ್ತಿ ಅಂತ ಸ್ಕೇಲ್ ಇಟ್ಟ ತಕ್ಷಣ ಗೊತ್ತಾಗುತ್ತೆ.

ನಿಮ್ಮ ಬ್ಲೇಡಿನ ಬಗ್ಗೆ ಹೇಳೋದಾದ್ರೆ ಬಾಗೋದೂ ಇದ್ದೇ ಇರುತ್ತೆ ಅಂತ ನನ್ನ ಅಂದಾಜು. 10 ಟಿಪಿಐ ಬ್ಲೇಡಲ್ಲಿ 100 ಎಂಎಂ ಮರ ಕೊಯ್ದ್ರೆ ಒಂದೇ ಸಲಕ್ಕೆ ಸುಮಾರು 40 ಹಲ್ಲು ಮರದೊಳಗೆ ಇರುತ್ತೆ, ಅಷ್ಟು ಸಣ್ಣ ಹಲ್ಲಿನ ಸಂದಿಲಿ ಅಷ್ಟೊಂದು ಹೊಟ್ಟು ಹಿಡಿಯಲ್ಲ, ಹೊಟ್ಟು ತುಂಬಿದ್ಮೇಲೆ ಹಲ್ಲು ಕೊಯ್ಯಲ್ಲ, ಉಜ್ಜುತ್ತೆ, ನೀವು ತಳ್ಳೋದು ಜಾಸ್ತಿ ಮಾಡ್ತೀರಿ, ಬ್ಲೇಡ್ ಹಿಂದಕ್ಕೆ ಹೋಗೋಕಾಗದೆ ಪಕ್ಕಕ್ಕೆ ಬಾಗುತ್ತೆ. ದಪ್ಪ ಮರಕ್ಕೆ ಅರ್ಧ ಇಂಚಿನ 3 ಟಿಪಿಐ ಬ್ಲೇಡ್ ಹಾಕಿ, ಮೆಷಿನ್ನಿಗೆ ಅರ್ಧ ಇಂಚು ಹಾಕಬಹುದಾ ಅಂತ ಮ್ಯಾನುಯಲ್ ನೋಡ್ಕೊಂಡು. ಮೆಷಿನ್ ಜೊತೆ ಬರೋ ಬ್ಲೇಡು ಮೆಷಿನ್ ಓಡುತ್ತೆ ಅಂತ ತೋರ್ಸೋಕೆ ಇರೋದು ಅಂತ ತಿಳ್ಕೊಳ್ಳಿ, ಅದನ್ನಿಟ್ಟು ಸೆಟಿಂಗ್ ಮಾಡೋಕೆ ಕೂತ್ರೆ ಟೈಮ್ ವೇಸ್ಟು.

ಈಗ ಮುಖ್ಯ ವಿಷಯ. ಟೇಬಲ್ಲನ್ನ 90ಕ್ಕೆ ತರೋದು ಶುರುಲಿ ಮಾಡೋ ಕೆಲಸ ಅಲ್ಲ, ಬ್ಲೇಡಿನ ಕೆಲಸ ಎಲ್ಲಾ ಮುಗಿದ್ಮೇಲೆ ಮಾಡೋದು. ಬ್ಲೇಡ್ ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಟೆನ್ಶನ್ನು (ಬ್ಲೇಡಿನ ಬಿಗಿ), ಟ್ರ್ಯಾಕಿಂಗು (ವೀಲಿನ ಮೇಲೆ ಬ್ಲೇಡ್ ಕೂರೋ ಜಾಗ), ಗೈಡುಗಳು (ಬ್ಲೇಡ್ ಪಕ್ಕಕ್ಕೆ ಹೋಗದ ಹಾಗೆ ತಡೆಯೋವು) ಮೂರೂ ಸೇರಿ ತೀರ್ಮಾನ ಮಾಡ್ತವೆ, ಟೇಬಲ್ಲನ್ನ ಆ ಬ್ಲೇಡಿಗೆ ಹೊಂದಿಸ್ಬೇಕು. ನೀವು ಟೇಬಲ್ ಸರಿಮಾಡಿ ಆಮೇಲೆ ಟೆನ್ಶನ್ ಏರಿಸಿದ್ರೆ ಅಥವಾ ಟ್ರ್ಯಾಕಿಂಗ್ ನಾಬ್ ಮುಟ್ಟಿದ್ರೆ ಮೊದಲು ಮಾಡಿದ್ದೆಲ್ಲಾ ಹೋಯ್ತು. ಬ್ಲೇಡ್ ಬದಲಾಯಿಸಿದ್ಮೇಲೂ ಇದೇ ಕಥೆ.

ಪ್ಲಗ್ ಕಿತ್ತು ಶುರು ಮಾಡಿ. ಮೇಲಿನ ಗೈಡು, ಕೆಳಗಿನ ಗೈಡು, ಹಿಂದಿರೋ ಥ್ರಸ್ಟ್ ಬೇರಿಂಗು ಎಲ್ಲಾನೂ ಬ್ಲೇಡಿಂದ ದೂರ ಸರಿಸಿ, ಟೇಬಲ್ ಕೆಳಗಿನ ಗೈಡನ್ನ ಬಹಳ ಜನ ಮರೀತಾರೆ, ಅದು ಒಂದು ಕಡೆ ಒತ್ತಿ ಹಿಡ್ಕೊಂಡಿದ್ರೆ ಬ್ಲೇಡ್ ಆಗ್ಲೇ ವಾಲಿರುತ್ತೆ, ನೀವು ಆ ವಾಲಿಕೆಗೇ ಟೇಬಲ್ ಹೊಂದಿಸಿ ಕೂತಿರ್ತೀರಿ. ಹೊಸ ಬ್ಲೇಡ್ ಹಾಕಿ, ಟೆನ್ಶನ್ ಸ್ವಲ್ಪ ಸ್ವಲ್ಪ ಏರಿಸ್ತಾ ಮೇಲಿನ ವೀಲನ್ನ ಕೈಲೇ ತಿರುಗಿಸ್ತಾ ಟ್ರ್ಯಾಕಿಂಗ್ ನೋಡಿ. ಅರ್ಧ ಇಂಚಿನ ಬ್ಲೇಡಾದ್ರೆ ಹಲ್ಲಿನ ಸಂದಿಯ ತಳ ಮೇಲಿನ ಟೈರಿನ ಹತ್ತತ್ರ ನಡುವಿಗೆ ಬರೋ ಹಾಗೆ ಮಾಡ್ತೀನಿ ನಾನು. 14 ಇಂಚಿನ ಮೆಷಿನ್ನುಗಳಲ್ಲಿ ಟೈರು ಸಾಮಾನ್ಯವಾಗಿ ನಡುವಲ್ಲಿ ಸ್ವಲ್ಪ ಉಬ್ಬಿರುತ್ತೆ, ಆ ಉಬ್ಬಿನ ಮುಂದೆ ಕೂತ ಬ್ಲೇಡು ಒಂದು ಕಡೆ ಮುಖ ಮಾಡುತ್ತೆ, ಹಿಂದೆ ಕೂತ್ರೆ ಇನ್ನೊಂದು ಕಡೆ. ಈ ವಿಷಯಕ್ಕೆ ಕೆಳಗೆ ವಾಪಸ್ ಬರ್ತೀನಿ.

ಟೆನ್ಶನ್ ಎಷ್ಟು? ಮೆಷಿನ್ ಮೇಲಿನ ಟೆನ್ಶನ್ ಸ್ಕೇಲು ಸ್ಪ್ರಿಂಗ್ ಎಷ್ಟು ಒತ್ತಿದೆ ಅಂತ ಹೇಳುತ್ತೆ, ಬ್ಲೇಡಲ್ಲಿ ಎಷ್ಟು ಬಿಗಿ ಇದೆ ಅಂತಲ್ಲ, ಹಳೇದಾದ್ಮೇಲೆ ಸ್ಪ್ರಿಂಗ್ ಸೋತಿರುತ್ತೆ ಬೇರೆ. ಅದನ್ನ ಅಂದಾಜಿಗೆ ಇಟ್ಕೊಳ್ಳಿ. ನಾನು ಮಾಡೋದು ಹೀಗೆ: ಗೈಡುಗಳು ದೂರ ಇದ್ದ ಹಾಗೇ ಎರಡೂ ವೀಲಿನ ಬಾಗಿಲು ಮುಚ್ಚಿ, ಪ್ಲಗ್ ಹಾಕಿ ಮೆಷಿನ್ ಓಡಿಸಿ, ಮುಂದಿನಿಂದ ನೋಡ್ತಾ ಟೆನ್ಶನ್ ನಿಧಾನಕ್ಕೆ ಇಳಿಸ್ತೀನಿ, ಬ್ಲೇಡ್ ಅಲುಗಾಡೋಕೆ ಶುರು ಆಗೋ ಜಾಗ ಒಂದು ಬರುತ್ತೆ, ಅಲ್ಲಿಂದ ಅದು ನಿಲ್ಲೋ ತನಕ ಏರಿಸಿ ಮೇಲೆ ಇನ್ನೊಂದು ಕಾಲು ಸುತ್ತು. ಇದರಿಂದ ಶುರು ಮಾಡಿ, ದಪ್ಪ ಮರದಲ್ಲಿ ಮುಖ ಉಬ್ಬಿ ಬಂದ್ರೆ ಸ್ವಲ್ಪ ಏರಿಸಿ. ಇಷ್ಟು ಮಾಡುವಾಗ ಕೈ ಬ್ಲೇಡ್ ಹತ್ರ ಹೋಗೋ ಅವಶ್ಯಕತೆನೇ ಇಲ್ಲ, ಹೋಗ್ಲೂಬಾರ್ದು.

ಬಿಗಿ ಮಾಡು ಅಂದ ನಿಮ್ಮ ಪರಿಚಯದವರು ಪೂರ್ತಿ ತಪ್ಪಲ್ಲ, ಸಡಿಲ ಬ್ಲೇಡ್ ಬಾಗೋದು ನಿಜ. ಆದ್ರೆ ಮೊಂಡು ಬ್ಲೇಡನ್ನ, ತಪ್ಪು ಹಲ್ಲಿನ ಬ್ಲೇಡನ್ನ ಬಿಗಿ ಮಾಡಿ ಸರಿ ಮಾಡ್ತೀನಿ ಅಂತ ಹೊರಟ್ರೆ ಬೆಸುಗೆ ಜಾಗದಲ್ಲಿ ಬ್ಲೇಡ್ ಕಿತ್ತು ಬರುತ್ತೆ, ಇಲ್ಲಾ ಮೇಲಿನ ವೀಲಿನ ಸ್ಪ್ರಿಂಗು ಪೂರ್ತಿ ಅದುಮಿ ಹೋಗುತ್ತೆ, ಬೇರಿಂಗಿಗೂ ಏಟು, ಸಣ್ಣ ಮೆಷಿನ್ನಾದ್ರೆ ಫ್ರೇಮೇ ಸ್ವಲ್ಪ ಬಾಗಿ ಎರಡು ವೀಲಿನ ಹೊಂದಾಣಿಕೆನೇ ತಪ್ಪುತ್ತೆ. ಓರೆಯಾಗಿ ವಾಲಿರೋ ನೇರ ಮುಖಕ್ಕಂತೂ ಟೆನ್ಶನ್ ಮದ್ದೇ ಅಲ್ಲ.

ಈಗ ಟೇಬಲ್, ಪ್ಲಗ್ ಮತ್ತೆ ಕಿತ್ತು. ಟೇಬಲ್ ಅಂಚಿನಲ್ಲಿ ಬ್ಲೇಡ್ ಒಳಗೆ ಹೋಗೋ ಸೀಳು ಇರುತ್ತಲ್ಲ, ಅಲ್ಲಿ ಒಂದು ಪಿನ್ ಅಥವಾ ಬೋಲ್ಟ್ ಇರುತ್ತೆ, ಸೀಳಿನ ಎರಡೂ ಪಕ್ಕ ಒಂದೇ ಮಟ್ಟದಲ್ಲಿರ್ಲಿ ಅಂತ. ಬ್ಲೇಡ್ ಹಾಕಿದ್ಮೇಲೆ ಅದನ್ನ ವಾಪಸ್ ಹಾಕಿ, ಬಿಗಿಯಾಗಿ ಕೂತ್ರೆ ಸಾಕು, ಸುತ್ತಿಗೆಲಿ ಬಡೀಬೇಡಿ. ಆಮೇಲೆ ಮೂಲೆಮಟ್ಟ. ಎಂಜಿನಿಯರ್ ಸ್ಕ್ವೇರ್ ಅಂತ ಬರುತ್ತಲ್ಲ, ಜಾರೋ ಭಾಗ ಇಲ್ಲದ್ದು, 100 ಅಥವಾ 150 ಎಂಎಂದು, ಅದನ್ನೇ ತಗೊಳ್ಳಿ. ಗೈಡ್ ಪೋಸ್ಟ್ (ಮೇಲಿನ ಗೈಡನ್ನ ಹಿಡ್ಕೊಂಡು ಮೇಲೆ ಕೆಳಗೆ ಆಡೋ ಕಂಬ) ಪೂರ್ತಿ ಮೇಲಕ್ಕೆತ್ತಿ. ಸ್ಕ್ವೇರಿನ ಬುಡ ಟೇಬಲ್ ಮೇಲೇ ಕೂರ್ಬೇಕು, ಬ್ಲೇಡ್ ಸುತ್ತ ಇರೋ ಪ್ಲಾಸ್ಟಿಕ್ ಇನ್‌ಸರ್ಟ್ ಮೇಲಲ್ಲ, ಅದು ಟೇಬಲ್ಲಿಗಿಂತ ಒಂಚೂರು ಮೇಲೋ ಕೆಳಗೋ ಇರೋದೇ ಜಾಸ್ತಿ. ಸ್ಕ್ವೇರಿನ ಅಂಚು ಬ್ಲೇಡಿನ ಮೈಗೆ ತಾಗ್ಬೇಕು, ಹಲ್ಲಿಗಲ್ಲ, ಹಲ್ಲು ಎಡಕ್ಕೂ ಬಲಕ್ಕೂ ಬಾಗಿರೋದ್ರಿಂದ ಅದಕ್ಕೆ ತಾಗಿಸಿದ್ರೆ ಸುಳ್ಳು ಹೇಳುತ್ತೆ. ಬೆಸುಗೆ ಜಾಗನೂ ಬೇಡ. ಮತ್ತೆ ಒತ್ತಬೇಡಿ, ಒತ್ತಿದ್ರೆ ಬ್ಲೇಡೇ ಸ್ಕ್ವೇರಿಗೆ ಹೊಂದ್ಕೊಂಡು ಎಲ್ಲಾ ಸರಿ ಇದೆ ಅನ್ಸುತ್ತೆ, ನಿಮಗೆ ಮೂಲೆಮಟ್ಟ ಸರಿ ತೋರ್ಸಿದ್ದು ಇದ್ರಿಂದಾನೇ ಇರಬಹುದು. ಹಿಂದುಗಡೆ ಟಾರ್ಚ್ ಹಿಡಿದು ಸ್ಕ್ವೇರನ್ನ ಮೆಲ್ಲಗೆ ತಂದು ನಿಲ್ಸಿ, ಬೆಳಕಿನ ಗೆರೆ ಮೇಲಿಂದ ಕೆಳಗೆ ಒಂದೇ ಸಮ ಇರ್ಬೇಕು. ಕಾಲು ಇಂಚಿನ ಬ್ಲೇಡಲ್ಲಿ ಹಲ್ಲು ಬಿಟ್ರೆ ಮೈ ಅಂತ ಉಳಿಯೋದೇ ಸ್ವಲ್ಪ, ಅದಕ್ಕೇ ಸೆಟಿಂಗ್ ಮಾಡೋವಾಗ ಇರೋದ್ರಲ್ಲಿ ಅಗಲದ ಬ್ಲೇಡ್ ಹಾಕಿ ಅನ್ನೋದು.

ಸರಿ ಮಾಡಿದ್ಮೇಲೆ ಟೇಬಲ್ ಕೆಳಗಿನ ಎರಡು ನಾಬನ್ನ ಒಂದಾದ್ಮೇಲೊಂದು ಬಿಗಿ ಮಾಡಿ ಮತ್ತೆ ಅಳೀರಿ, ಬಿಗಿ ಮಾಡುವಾಗ್ಲೇ ಟೇಬಲ್ ಕೂದಲೆಳೆಯಷ್ಟು ಜರುಗೋದು ಮಾಮೂಲಿ. ಆಮೇಲೆ ಟೇಬಲ್ಲನ್ನ 90ರಲ್ಲಿ ತಡೆದು ನಿಲ್ಲಿಸೋ ಸ್ಟಾಪ್ ಬೋಲ್ಟನ್ನ ಟೇಬಲ್ ತಳಕ್ಕೆ ತಾಗೋ ತನಕ ಏರಿಸಿ ಲಾಕ್ ನಟ್ ಹಾಕಿ. ನೀವು 45ಕ್ಕೆ ವಾಲಿಸಿ ತಂದ್ಮೇಲೆ ಹಾಳಾಗಿದ್ದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಇರುತ್ತೆ, ಒಂದು ಲಾಕ್ ನಟ್ ಸಡಿಲ ಇದ್ದು ಬೋಲ್ಟ್ ತಿರುಗಿದೆ, ಇನ್ನೊಂದು ಬೋಲ್ಟಿನ ತಲೆ ಮೇಲೆ ಮರದ ಹೊಟ್ಟು ಕೂತು ಟೇಬಲ್ ಅದರ ಮೇಲೆ ಬಂದು ನಿಂತಿದೆ. ಎರಡನೇದೇ ಜಾಸ್ತಿ ನೋಡಿರೋದು ನಾನು. ಟೇಬಲ್ ವಾಪಸ್ ತರೋ ಮುಂಚೆ ಬೋಲ್ಟಿನ ತಲೆ ಮೇಲೆ ಬೆರಳಾಡಿಸಿ.

ಸ್ಕ್ವೇರ್ ಏನೇ ಹೇಳ್ಲಿ, ಕೊನೇ ಮಾತು ಮರದ್ದೇ. ದೂರ ಸರಿಸಿದ್ದ ಗೈಡುಗಳನ್ನ ಮುಂದೆ ಹೇಳಿರೋ ಹಾಗೆ ಹೊಂದಿಸ್ಕೊಂಡು ಪ್ಲಗ್ ಹಾಕಿ. 75-100 ಎಂಎಂ ಎತ್ತರದ, ಮೇಲಿನ ಕೆಳಗಿನ ಮುಖ ಸಮಾನಾಂತರ ಇರೋ ಒಂದು ತುಂಡು ತಗೊಂಡು ಮುಂದಿನಿಂದ ಕೆಲವು ಎಂಎಂ ಆಳಕ್ಕೆ ಒಂದು ಗೀರು ಕೊಯ್ದು ಮೆಷಿನ್ ಆಫ್ ಮಾಡಿ, ಬ್ಲೇಡ್ ಪೂರ್ತಿ ನಿಲ್ಲೋ ತನಕ ಕಾಯಿರಿ. ಈಗ ಆ ತುಂಡನ್ನ ಪಲ್ಟಿ ಹೊಡೆಸಿ, ಅಂದ್ರೆ ಮೇಲಿದ್ದ ಮುಖ ಕೆಳಗೆ ಬರ್ಬೇಕು, ಗೀರು ಇರೋ ಕಡೆ ನಿಮ್ಮ ಕಡೆ ತಿರುಗಿರ್ಬೇಕು, ಹಾಗೆ ಬ್ಲೇಡಿನ ಹಿಂದೆ ಇಟ್ಟು ಬ್ಲೇಡಿನ ಬೆನ್ನನ್ನ ಆ ಗೀರೊಳಗೆ ಬಿಡೋಕೆ ನೋಡಿ. ಮೇಲಿಂದ ಕೆಳಗೆ ಸಲೀಸಾಗಿ ಕೂತ್ರೆ ಟೇಬಲ್ 90. ಮೇಲೆ ಕೂತು ಕೆಳಗೆ ತಪ್ಪಿದ್ರೆ, ಅಥವಾ ಉಲ್ಟಾ ಆದ್ರೆ, ಕಾಣ್ತಿರೋದು ಇರೋ ತಪ್ಪಿನ ಎರಡರಷ್ಟು, ಅದರ ಅರ್ಧ ಮಾತ್ರ ತಿದ್ದಿ. ಈ ಪರೀಕ್ಷೆಗೆ ಯಾವ ಅಳತೆ ಸಾಮಾನೂ ಬೇಡ, ನಿಮ್ಮ ಮೂಲೆಮಟ್ಟವೇ ಕೆಟ್ಟಿದ್ರೂ ಗೊತ್ತಾಗಿಬಿಡುತ್ತೆ.

ಆಮೇಲೆ ಬಹಳ ಜನ ನೋಡದೇ ಬಿಡೋ ಒಂದು ಜಾಗ ಇದೆ, ನಿಮ್ಮ ಕೇಸಲ್ಲಿ ನನಗೆ ಜಾಸ್ತಿ ಅನುಮಾನ ಅದರ ಮೇಲೇ. ಗೈಡ್ ಪೋಸ್ಟು. ಅದನ್ನ ಕೆಳಗಿಳಿಸಿ ಒಂದು ಪಕ್ಕದ ಗೈಡನ್ನ ಬ್ಲೇಡಿಗೆ ಕಾಗದದಷ್ಟು ದೂರಕ್ಕೆ ತನ್ನಿ, ತಾಗಿಸ್ಬೇಡಿ. ಈಗ ಪೋಸ್ಟನ್ನ ನಿಧಾನಕ್ಕೆ ಮೇಲೆತ್ತುತ್ತಾ ಆ ಸಂದಿ ನೋಡಿ. ಸಂದಿ ದೊಡ್ಡದಾದ್ರೆ ಅಥವಾ ಗೈಡ್ ಬಂದು ಬ್ಲೇಡನ್ನ ತಳ್ಳೋಕೆ ಶುರು ಮಾಡಿದ್ರೆ ಪೋಸ್ಟು ಬ್ಲೇಡಿಗೆ ಸಮಾನಾಂತರ ಇಲ್ಲ. ಅಂದ್ರೆ 20 ಎಂಎಂ ಹಲಗೆಗೆ ಗೈಡ್ ಸೆಟ್ ಮಾಡಿ, ಅದೇ ಸೆಟಿಂಗಲ್ಲಿ ಪೋಸ್ಟನ್ನ 100 ಎಂಎಂಗೆ ಎತ್ತಿದ ಕೂಡ್ಲೇ ಗೈಡು ಬ್ಲೇಡನ್ನ ಪಕ್ಕಕ್ಕೆ ಒತ್ತಿ ವಾಲಿಸುತ್ತೆ, ಟೇಬಲ್ ಎಷ್ಟೇ ಸರಿ ಇದ್ರೂ ಕೊಯ್ತ ಓರೆ. ತೆಳು ಮರ ಸರಿ, ದಪ್ಪ ಮರ ಓರೆ ಅನ್ನೋ ದೂರು ಬಂದಾಗೆಲ್ಲಾ ನಾನು ಮೊದಲು ನೋಡೋದು ಇದನ್ನೇ.

ಇದಕ್ಕೆ ಎರಡು ದಾರಿ. ಪೋಸ್ಟ್ ಹಿಡ್ಕೊಂಡಿರೋ ಬ್ರಾಕೆಟ್ಟಿನ ಬೋಲ್ಟ್ ಸಡಿಲ ಮಾಡಿ ತೆಳು ಶಿಮ್ (ಸಂದಿಗೆ ಇಡೋ ತಗಡಿನ ಚೂರು) ಕೊಟ್ಟು ಪೋಸ್ಟನ್ನೇ ನೆಟ್ಟಗೆ ಮಾಡೋದು ಒಂದು, ಕೆಲವು ಮೆಷಿನ್ನಲ್ಲಿ ಇದು ಸುಲಭ, ಕೆಲವದ್ರಲ್ಲಿ ಬ್ರಾಕೆಟ್ಟು ಫ್ರೇಮಿನ ಜೊತೆಗೇ ಎರಕ ಹೊಯ್ದು ಬಂದಿರುತ್ತೆ, ಅಲ್ಲಿ ಕೈ ಹಾಕೋದು ಬೇಡ. ಇನ್ನೊಂದು ಸೋಮಾರಿ ದಾರಿ, ನನಗಿಷ್ಟವಾದದ್ದು: ಪ್ರತಿ ಸಲ ಮರದ ಎತ್ತರಕ್ಕೆ ಪೋಸ್ಟ್ ಇಟ್ಟು, ಲಾಕ್ ಮಾಡಿ, ಆಮೇಲೆ ಗೈಡ್ ಹೊಂದಿಸೋದು. ಮರದ ಮೇಲೆ 6-10 ಎಂಎಂ ಬಿಟ್ಟು ಗೈಡ್ ಇರ್ಲಿ, ಪಕ್ಕದ ಗೈಡು ಬ್ಲೇಡಿಂದ ಕಾಗದದ ದಪ್ಪ ದೂರ, ಹಲ್ಲಿನ ಸಂದಿಗಿಂತ ಸ್ವಲ್ಪ ಹಿಂದೆ. ಥ್ರಸ್ಟ್ ಬೇರಿಂಗ್ ಅರ್ಧ ಎಂಎಂ ಹಿಂದೆ, ಖಾಲಿ ಓಡುವಾಗ ತಿರುಗಬಾರದು, ಮರ ತಳ್ಳಿದಾಗ ತಿರುಗಬೇಕು. ಕೆಳಗಿನ ಗೈಡಿಗೂ ಇದೇ ಲೆಕ್ಕ.

ಮುಂದೆ ಹಿಂದೆ, ಅಂದ್ರೆ ಬ್ಲೇಡಿನ ಬೆನ್ನಿಗೂ ಟೇಬಲ್ಲಿಗೂ 90 ಬೇಕಾ ಅಂತ ಕೇಳ್ತಾರೆ. ಆರ್‌ಪಾರ್ ಕೊಯ್ಯೋದಾದ್ರೆ ಅದರಿಂದ ಮುಖ ಓರೆ ಆಗಲ್ಲ. ಟೆನನ್ (ಮರದ ಜೋಡಣೆಗೆ ಮಾಡೋ ನಾಲಿಗೆ) ಥರ ಅರ್ಧಕ್ಕೆ ನಿಲ್ಲಿಸೋ ಕೊಯ್ತದಲ್ಲಿ ಮಾತ್ರ ಮೇಲೊಂದು ಆಳ ಕೆಳಗೊಂದು ಆಳ ಬರುತ್ತೆ. ಸ್ವಲ್ಪ ವ್ಯತ್ಯಾಸ ಇದ್ರೆ ಬಿಟ್ಬಿಡಿ, ತೀರಾ ಇದ್ರೆ ಟ್ರನಿಯನ್ (ಟೇಬಲ್ ಕೆಳಗಿರೋ, ಅದು ವಾಲೋಕೆ ಬಿಡೋ ಎರಕದ ಆಸರೆ) ಮತ್ತೆ ಟೇಬಲ್ ಮಧ್ಯೆ ಶಿಮ್ ಕೊಡ್ಬೇಕು, ಬೋಲ್ಟ್ ಬಿಗಿ ಮಾಡುವಾಗ ಮೈಮೇಲೆ ಬಂದವರ ಥರ ತಿರುಗಿಸ್ಬೇಡಿ, ಎರಕದ ಟ್ರನಿಯನ್ ಬಿರುಕು ಬಿಟ್ರೆ ಆ ಬಿಡಿಭಾಗ ಹುಡುಕೋದೇ ಒಂದು ಕೆಲಸ.

ಇನ್ನು ಮೈಟರ್ ಗೇಜ್. ಗೇಜಿನ ಮೇಲೆ ಬರೆದಿರೋ 90ನ್ನ ನಂಬ್ಬೇಡಿ, ಟೇಬಲ್ಲಿನ ಸ್ಲಾಟಿಗೆ ಅಲ್ಲಾಡದ ಒಂದು ನೇರ ಪಟ್ಟಿ ಕೂರಿಸಿ, ಅದಕ್ಕೂ ಗೇಜಿನ ಮುಖಕ್ಕೂ ಸ್ಕ್ವೇರ್ ಇಟ್ಟು ಸರಿ ಮಾಡಿ. ಗೇಜಿನ ಪಟ್ಟಿ ಸ್ಲಾಟಲ್ಲಿ ಲೊಡಲೊಡ ಅಂದ್ರೆ ಪಟ್ಟಿಯ ಪಕ್ಕಕ್ಕೆ ಸೆಂಟರ್ ಪಂಚಲ್ಲಿ ಅಲ್ಲಲ್ಲಿ ಚುಕ್ಕಿ ಹೊಡೀರಿ, ಸುತ್ತ ಲೋಹ ಉಬ್ಬಿ ಬಿಗಿ ಆಗುತ್ತೆ, ಜಾಸ್ತಿ ಆದ್ರೆ ಅರ ಹಾಕಿ ಇಳಿಸಿ. ಚೆಕ್ ಮಾಡೋಕೆ ಅಗಲದ ಹಲಗೆ ಒಂದನ್ನ ಅಡ್ಡ ಕೊಯ್ದು, ಒಂದು ತುಂಡನ್ನ ಮಗುಚಿ, ನೇರ ಅಂಚಿಗೆ ಒರಗಿಸಿ ಎರಡೂ ಕೊಯ್ದ ತುದಿ ಸೇರಿಸಿ. ಸಂದಿ ಕಂಡ್ರೆ ಅದೂ ಎರಡರಷ್ಟೇ.

ಇಷ್ಟಾದ್ಮೇಲೂ ಬ್ಲೇಡ್ ಒಂದು ಕಡೆ ಎಳೀತಿದ್ರೆ ಅದನ್ನ ಡ್ರಿಫ್ಟ್ ಅಂತಾರೆ. ಡ್ರಿಫ್ಟ್ ಪ್ರತಿ ಬ್ಲೇಡಿನ ಹಣೆಬರಹ, ಫೆನ್ಸನ್ನ (ಸೀಳುವಾಗ ಮರ ಒರಗಿಸೋ ಪಟ್ಟಿನ) ಓರೆ ಇಟ್ಕೊಂಡೇ ಬದುಕ್ಬೇಕು ಅನ್ನೋ ಮಾತಿದೆ, ನಾನು ಒಪ್ಪಲ್ಲ. ಒಂದು ಪಕ್ಕದ ಹಲ್ಲು ಮೊಂಡಾಗಿದ್ರೆ, ಹಲ್ಲಿನ ಬಾಗು ಎರಡು ಕಡೆ ಸಮ ಇಲ್ಲದಿದ್ರೆ, ಬ್ಲೇಡ್ ಟೈರಿನ ನಡುವಿಂದ ಮುಂದೆ ಹಿಂದೆ ಕೂತಿದ್ರೆ ಡ್ರಿಫ್ಟ್ ಬರುತ್ತೆ. ಚೂಪಾದ ಬ್ಲೇಡು ಸರಿಯಾದ ಜಾಗದಲ್ಲಿ ಕೂತ್ರೆ ಬಹಳಷ್ಟು ಸಲ ಅದು ಗಣನೆಗೇ ಬರಲ್ಲ. ಉಳಿದ್ರೆ, ಮತ್ತೆ ಬೇರೆ ಬ್ಲೇಡ್ ಹಾಕಿದಾಗ್ಲೂ ಅದೇ ಕಡೆ ಅಷ್ಟೇ ಎಳೆದ್ರೆ, ಆಗ ಟೇಬಲ್ ಹಿಡ್ಕೊಂಡಿರೋ ಟ್ರನಿಯನ್ ಬೋಲ್ಟ್ ಸಡಿಲ ಮಾಡಿ ಟೇಬಲ್ಲನ್ನೇ ಒಂಚೂರು ತಿರುಗಿಸಿ, ಸ್ಲಾಟು ಬ್ಲೇಡ್ ಹೋಗೋ ದಿಕ್ಕಿಗೆ ಬರೋ ಹಾಗೆ, ಆಮೇಲೆ ಫೆನ್ಸನ್ನ ಸ್ಲಾಟಿಗೆ ಸಮಾನಾಂತರ ಮಾಡ್ಕೊಳ್ಳಿ. ಫೆನ್ಸ್ ಒಂದನ್ನೇ ಓರೆ ಮಾಡಿದ್ರೆ ಸೀಳೋದು ಸರಿಹೋಗುತ್ತೆ, ಮೈಟರ್ ಗೇಜಿನ ಕೊಯ್ತ ಇದ್ದಲ್ಲೇ ಇರುತ್ತೆ. ಟೇಬಲ್ ತಿರುಗಿಸಿದ್ರೆ ಎರಡೂ ಸರಿಹೋಗುತ್ತೆ, ಆದ್ರೆ 90ನ್ನ ಮತ್ತೆ ಅಳೀಬೇಕು, ಮೊಂಡು ಬ್ಲೇಡಿಗೆ ಹೀಗೆ ತಿರುಗಿಸಿದ್ರೆ ಹೊಸ ಬ್ಲೇಡ್ ಹಾಕಿದ ದಿನ ಎಲ್ಲಾ ಉಲ್ಟಾ ಆಗುತ್ತೆ.

ಬ್ಯಾಂಡ್‌ಸಾ ಬಾಗು ಕೊಯ್ಯೋಕೆ ಮಾತ್ರ ಅನ್ನೋ ಮಾತಿಗೆ ಉತ್ತರ: ಸರಿಯಾಗಿ ಹೊಂದಿಸಿದ 14 ಇಂಚಿನ ಮೆಷಿನ್ನಲ್ಲಿ 100 ಎಂಎಂ ಎತ್ತರಕ್ಕೆ 0.2 ಎಂಎಂ ಒಳಗೆ ಬರೋದು ಕಷ್ಟ ಏನಲ್ಲ. ಅದಕ್ಕಿಂತ ಕಮ್ಮಿ ಬೇಕು ಅಂತ ಸ್ಟಾಪ್ ಬೋಲ್ಟ್ ಹಿಡ್ಕೊಂಡು ಕೂರ್ಬೇಡಿ, ಹಲ್ಲಿನ ಗೀರು ತೆಗೆಯೋಕೆ ಹೇಗಿದ್ರೂ ಉಜ್ಜುಗೊರಡು ಹಾಕ್ಲೇಬೇಕು, ಆ ಚೂರು ಅದರಲ್ಲೇ ಹೋಗುತ್ತೆ. ಬರೀ ಒಂದೆರಡು ಓರೆ ಕೊಯ್ತಕ್ಕೋಸ್ಕರ ಟೇಬಲ್ಲನ್ನ 45ಕ್ಕೆ ವಾಲಿಸೋದನ್ನೂ ಬಿಡಿ, ಓರೆಯಾಗಿ ಒಂದು ಮರದ ತೊಟ್ಟಿಲು ಮಾಡ್ಕೊಂಡು ಟೇಬಲ್ ಮೇಲೆ ಕ್ಲಾಂಪ್ ಮಾಡಿ, ಅದರ ಮೇಲೆ ಮರ ಇಟ್ಟು ಕೊಯ್ಯಿರಿ. ಕೆಲಸ ಮುಗಿದ್ಮೇಲೆ ಟೆನ್ಶನ್ ಇಳಿಸಿದ್ರೆ ಟೈರಿಗೆ ಒಳ್ಳೇದು, ಎಷ್ಟು ಸುತ್ತು ಇಳಿಸಿದ್ರಿ ಅಂತ ಮೆಷಿನ್ ಮೇಲೇ ಪೆನ್ಸಿಲಲ್ಲಿ ಬರೆದಿಡಿ, ಅಷ್ಟೇ ಸುತ್ತು ವಾಪಸ್ ಏರಿಸಿ ಪಲ್ಟಿ ಪರೀಕ್ಷೆ ಒಂದ್ಸಲ ಮಾಡಿ ಕೊಯ್ಯೋಕೆ ಶುರು ಮಾಡಬಹುದು.